ಕೂರಿಸುವ ಮಾತ್ರೆ

ಅವರ ಬಲಗೈ ತೋರುಬೆರಳು ತುದಿಯಲ್ಲಿ ಎಡಕ್ಕೆ ಬಾಗಿತ್ತು. ಔಷಧದ ಬಾಟಲಿ ಕೈಗೆ ಬಂದರೆ ಆ ಬೆರಳು ಲೇಬಲ್ಲಿನ ಒಂದೊಂದು ಪದದ ಕೆಳಗೂ ನಿಂತು ಮುಂದೆ ಹೋಗುತ್ತಿತ್ತು. ನಾರ್ತ್‌ರಿಜ್‌ನಲ್ಲಿ ನಾನು ಓದುತ್ತಿದ್ದಾಗ ನಮ್ಮ ಕೆಳಗಿನ ಮನೆ ಅವರದು. ಮೈಸೂರಿನವರು, ಲಾಂಗ್ ಬೀಚಿನ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದು ನಿವೃತ್ತರಾದವರು. ನನಗೆ ಆಂಟಿ. ಯಾವ ಪದ ಕಿವಿಗೆ ಬಿದ್ದರೂ "ಇದು ಎಲ್ಲಿಂದ ಬಂತು, ನೋಡೋಣ" ಎಂದು ದಪ್ಪ ನಿಘಂಟು ತೆಗೆಯುವರು. ಒಮ್ಮೆ 'ಕೆಚಪ್' ಎಂಬ ಪದದ ಬೆನ್ನು ಹತ್ತಿದ್ದಾಗ ಒಲೆಯ ಮೇಲಿನ ಅನ್ನ ಸೀದು ಹೋಗಿತ್ತು.

2004ರ ಬೇಸಿಗೆಯಲ್ಲಿ ಧಾರವಾಡದಿಂದ ಅವ್ವ ಬಂದಳು. ಬಂದ ತಿಂಗಳಿಗೇ ತಲೆಸುತ್ತು ಶುರುವಾಯಿತು, ಒಂದು ಕಿವಿ ಮಂದವಾಯಿತು. ತಲೆಯ ಎಂಆರ್‌ಐ ಆಗಲೇಬೇಕೆಂದರು ಡಾಕ್ಟರು. ಆ ಕೊಳವೆಯೊಳಗೆ ಹೋದ ಎರಡೇ ನಿಮಿಷಕ್ಕೆ ಅವ್ವ ಕೈಗೆ ಕೊಟ್ಟಿದ್ದ ಗುಂಡಿ ಒತ್ತಿ ಹೊರಬಂದಳು. ಮುಂದಿನ ಸಲ 'ಸೆಡೇಟಿವ್' ಕೊಡುತ್ತೇವೆ ಎಂದರು.

"ನಿದ್ದಿ ಗುಳಿಗಿ ಕೊಡ್ತಾರಂತವ್ವಾ" ಎಂದೆ.

ಅವ್ವನ ಮುಖ ಬಿಗಿಯಿತು. "ಒಲ್ಲೆ. ಊರಿಗೆ ಹೋಗ್ತೀನಿ, ಟಿಕೇಟ್ ಮಾಡಿಸು."

ಆಂಟಿಯ ಬಳಿ ಕರೆದೊಯ್ದೆ. ಅವರು ಔಷಧದ ಮಾತೇ ಎತ್ತಲಿಲ್ಲ. "ಯಾಕೆ ಬೇಡ ಅನ್ಸತ್ತೆ ನಿಮಗೆ?" ಎಂದಷ್ಟೇ ಕೇಳಿದರು.

ನನಗೂ ಗೊತ್ತಿರದ ಸಂಗತಿ ಹೊರಬಂತು. ಅವ್ವನ ತಂಗಿ ತನ್ನ ಹಸುಗೂಸು ತೀರಿಕೊಂಡಾಗ ಅಳು ನಿಲ್ಲಿಸಲಿಲ್ಲವಂತೆ. ಅತ್ತೆಮನೆಯವರು ಡಾಕ್ಟರನ್ನು ಕರೆಸಿ ನಿದ್ದೆಯ ಸೂಜಿ ಹಾಕಿಸಿದರು. "ಎರಡು ದಿನ ಹಂಗ ಬಿದ್ದಿದ್ಲರೀ ಅಕ್ಕಾರ. ಕೂಸಿಗೆ ಮಣ್ಣು ಕೊಡೂಮುಂದೂ ಎಬ್ಬಸ್ಲಿಲ್ಲ."

"ಹೌದಮ್ಮ, ಹಾಗೂ ಬಳಸ್ತಾರೆ. ಸುತ್ತ ಇದ್ದೋರಿಗೆ ಗಲಾಟೆ ಬೇಡ ಅಂದಾಗ" ಎಂದರು ಆಂಟಿ. ಎದ್ದು ಹೋಗಿ ನಿಘಂಟು ತಂದರು. "ಈ 'ಸೆಡೇಟಿವ್' ಅನ್ನೋ ಪದ ಲ್ಯಾಟಿನ್‌ನಿಂದ ಬಂದದ್ದು. ನೋಡಿ, ಬೇರು ಹುಡುಕಿದ್ರೆ ನಿದ್ದೆ ಇಲ್ಲ. ಕೂರೋದು ಸಿಗತ್ತೆ. ಕೂರಿಸೋದು."

"ಕೂಡಸೂದು?"

"ಹೂಂ. ಗಾಬರಿಯಾಗಿ ಎದ್ದೆದ್ದು ಓಡೋ ಜೀವಾನ ಒಂದ್ಕಡೆ ಕೂರಿಸೋದು. ಡೋಸ್ ಹೆಚ್ಚಾದ್ರೆ ಮಲಗಿಸತ್ತೆ. ಇನ್ನೂ ಹೆಚ್ಚಾದ್ರೆ ಉಸಿರಿಗೇ ತೊಂದರೆ. ಅದಕ್ಕೇ ಎಷ್ಟು ಕೊಡ್ತಾರೆ ಅಂತ ಕೇಳೋಣ."

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು. ಎಷ್ಟು ಕೊಡುತ್ತೀರಿ? ಕರೆದರೆ ಓಗೊಡುತ್ತಾರಾ? ಸಾಕು ಎಂದರೆ ನಿಲ್ಲಿಸುತ್ತೀರಾ? ಒಂದೊಂದು ಉತ್ತರವನ್ನೂ ಕನ್ನಡದಲ್ಲಿ ಹೇಳಿ, ಅವ್ವ ತಲೆಯಾಡಿಸಿದ ಮೇಲೆಯೇ ಮುಂದಿನ ಪ್ರಶ್ನೆ.

ಮತ್ತೆ ಎಂಆರ್‌ಐಗೆ ಹೋದ ದಿನ ಅವ್ವ ಮಾತ್ರೆ ನುಂಗಿದಳು. ಲೋಹ ಒಯ್ಯುವಂತಿಲ್ಲವೆಂದು ಬಳೆ, ಓಲೆ ಬಿಚ್ಚಿಟ್ಟು ಆಂಟಿಯೂ ಜೊತೆಗೆ ಆ ಕೋಣೆಯೊಳಗೆ ಹೋದರು. ಆ ಯಂತ್ರದ ಸದ್ದು ನಿಂತಾಗಲೆಲ್ಲ "ಇದ್ದೀರಾ?" ಎನ್ನುತ್ತಿದ್ದರಂತೆ. "ಇದ್ದೀನ್ರೀ" ಎನ್ನುತ್ತಿದ್ದಳಂತೆ ಅವ್ವ. ಕಿವಿಯ ನರದ ಮೇಲೆ ಸಣ್ಣ ಗಡ್ಡೆ ಸಿಕ್ಕಿತು. ಆಪರೇಷನ್ ಆಗಿ, ಚೇತರಿಸಿಕೊಂಡು ಅವ್ವ ಊರಿಗೆ ಮರಳಿದಳು.

2008ರಲ್ಲಿ, ಸ್ಯಾನ್ ಡಿಯಾಗೋದ ಮಗಳ ಮನೆಯಲ್ಲಿ ಆಂಟಿ ತೀರಿಕೊಂಡರು. ಅವ್ವನಿಗೆ ಫೋನಿನಲ್ಲಿ ತಿಳಿಸಿದೆ.

"ತಂಗೀ ವಿಷಯ ಹೊರಗಿನವ್ರೊಳಗ ಅವರೊಬ್ರ ಮುಂದ ಹೇಳಿದ್ದೆ ನಾ" ಎಂದಳು. "ಅವರ ಹೆಸರೇನವಾ? ಕೇಳಲೇ ಇಲ್ಲ ನೋಡು."

ಹೇಳಿದೆ. ಅವ್ವ ಆ ಹೆಸರನ್ನು ಎರಡು ಸಲ, ನಿಧಾನವಾಗಿ ಅಂದುಕೊಂಡಳು.