ಸ್ವತಃ ಊಟ ಮಾಡುತ್ತಾರೆಯೇ?

ಸೋಂಪಿನ ತಟ್ಟೆಯನ್ನು ಗಿರಾಕಿಯತ್ತ ಸರಿಸಲು ನನ್ನವರು ಬಲಗೈ ಎತ್ತಲು ಹೋದರು. ಕೈ ಏಳಲಿಲ್ಲ.

ಕಾಂದಿವಲಿಯ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದವರು ನನ್ನ ಗಂಡ ಸುಧಾಕರ. ಉಡುಪಿ ಕಡೆಯಿಂದ ಬಂದು, ಮೇಜು ಒರೆಸುವಲ್ಲಿಂದ ಹಿಡಿದು ಕ್ಯಾಶಿಯರ್ ಕುರ್ಚಿಯವರೆಗೆ ಏರಿದವರು. ಸ್ಟ್ರೋಕ್ ಎಂದರು ಡಾಕ್ಟರು. ಮಾತು ನಿಧಾನವಾಗಿ ಮರಳಿತು. ಬಲಗಾಲು ಅರ್ಧ ಮನಸ್ಸಿನಿಂದ ಬಂತು. ಬಲಗೈ ಬರಲೇ ಇಲ್ಲ.

ಎಡಗೈಗೆ ಚಮಚ ಕೊಟ್ಟು ನೋಡಿದೆ. ಒಗ್ಗಲಿಲ್ಲ, ತುತ್ತು ಬಾಯಿಗಿಂತ ಮೊದಲು ಮಡಿಲಿಗೆ ಬೀಳುತ್ತಿತ್ತು. ಹಾಗಾಗಿ ಅನ್ನ ಕಲಸಿ ಬಾಯಿಗಿಡುವವಳು ನಾನು. ಅದಕ್ಕೂ ಮೊದಲು ಬಾಗಿಲು ಹಾಕಬೇಕು, ಅದು ಅವರ ಹಠ. ಹೋಟೆಲಿನಲ್ಲಿ ಗಿರಾಕಿಗಳ ಕಣ್ಣೆದುರು ಕೆಲಸದವರು ಉಣ್ಣುವಂತಿಲ್ಲ, ಒಳಗೆ ಹೋಗಿ ಉಣ್ಣಬೇಕು. ಆ ಶಿಸ್ತು ಮನೆಗೂ ಬಂತು. ಸಾಲುಮನೆಗಳ ಇಡೀ ಚಾಳು ಬಾಗಿಲು ತೆರೆದೇ ಬದುಕುತ್ತದೆ. ನಮ್ಮದೊಂದೇ ಮುಚ್ಚಿಕೊಂಡು, ಒಳಗೆ ಬೆವರು ಸುರಿಸುತ್ತಾ ನಾವಿಬ್ಬರು.

ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕೋಣ ಎಂದಳು ಮಗಳು ಪಲ್ಲವಿ. ಫಿಸಿಯೋಥೆರಪಿ ನಿಲ್ಲಬಾರದೆಂದರೆ ಬೇರೆ ದಾರಿ ಇರಲಿಲ್ಲ. ಎಂಆರ್‌ಐ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ ಎಲ್ಲ ಇತ್ತು. ಬೇಕಾದದ್ದು ಡಿಸೆಬಿಲಿಟಿ ಸರ್ಟಿಫಿಕೇಟ್. ಅದರಲ್ಲಿ ಪರ್ಸೆಂಟೇಜ್ ಕಡಿಮೆ ಬಂದರೆ ಅರ್ಜಿ ತಿರಸ್ಕಾರವೇ.

ಪರೇಲಿನ ಆಸ್ಪತ್ರೆಗೆ ಹೋಗುವ ದಿನ ಶೇವ್ ಮಾಡಿಸಿದೆ. ಇಸ್ತ್ರಿ ಶರ್ಟು ಹಾಕಿಸಿದೆ. ನಾಲ್ಕು ಜನರ ಎದುರು ಹೋಗುವಾಗ ಹಾಗೆಯೇ ಅಲ್ಲವೇ! ಡಾಕ್ಟರು ತಲೆ ಎತ್ತಿದ್ದೇ ತಡ, ನನ್ನವರು ಕುರ್ಚಿಯ ಹಿಡಿ ಒತ್ತಿ ಎದ್ದು ನಿಂತರು. ಎಡಗೈಯಿಂದ ಬಲಗೈಯನ್ನು ಎತ್ತಿ ಜೋಡಿಸಿ ನಮಸ್ಕಾರ ಮಾಡಿದರು. ಮುಖದ ಮೇಲೆ ಗಲ್ಲಾದಲ್ಲಿ ಕೂತಾಗಿನ ಅದೇ ನಗು.

“ಖಾನಾ ಖುದ್ ಖಾತೇ ಹೋ?” ನೀವೇ ಉಣ್ಣುತ್ತೀರಾ ಎಂದು ಡಾಕ್ಟರು ಕೇಳಿದರು.

“ಹಾಂ ಸಾಬ್. ಸಬ್ ಏಕ್‌ದಮ್ ಠೀಕ್.”

ಗಂಡ ಹೌದು ಎಂದದ್ದನ್ನು ಪರರ ಮುಂದೆ ಅಲ್ಲ ಎನ್ನುವುದು ಹೇಗೆ?

ಪರ್ಸೆಂಟೇಜ್ ಸಾಲದೆಂದು ಅರ್ಜಿ ವಾಪಸ್ ಬಂತು.

ನನಗೆ ರೇಗಿಹೋಯಿತು. “ಎಂತ ಮಾರಾಯ್ರೇ, ಡಾಕ್ಟ್ರು ಎಂತ ಹೋಟ್ಲಿಗೆ ಬಂದ ಗಿರಾಕಿಯಾ? ಇಲ್ಲದ್ದು ಯಾಕೆ ಹೇಳಿದ್ದು?”

ಅವರು ಗೋಡೆಯ ಕಡೆ ತಿರುಗಿದರು. “ಮತ್ತೆಂತ ಹೇಳುದು? ಹೆಂಡತಿ ತಿನ್ನಿಸ್ತಾಳೆ ಅಂತ ಹೇಳುದಾ?”

ಮರುಪರೀಕ್ಷೆಗೆ ಮತ್ತೆ ಫಾರ್ಮ್ ತುಂಬಬೇಕಾಯಿತು. “ಅಮ್ಮಾ, ಈಗ ಸಚ್ ಹೇಳು. ಎಲ್ಲಾ ನೀನೇ ಮಾಡ್ತಿ ಅಂತ ಲಿಖ್ನಾ ಪಡೇಗಾ,” ನಿಜ ಬರೆಯಲೇಬೇಕು ಎಂದು ಪಲ್ಲವಿ ಫಾರ್ಮಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳತೊಡಗಿದಳು. ಸ್ವತಃ ಸ್ನಾನ ಮಾಡುತ್ತಾರೆಯೇ? ಇಲ್ಲ. ಶರ್ಟಿನ ಗುಂಡಿ? ಇಲ್ಲ. ಬಾತ್‌ರೂಮಿಗೆ? ನಾನು ಬೇಕು.

ಊಟ?

ಅವರು ಮಂಚದ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಇರುವುದೊಂದೇ ಕೋಣೆ, ಎಲ್ಲಿಗೆಂದು ಕಳಿಸಲಿ? ಗಂಡನ ಕೈಲಾಗದು ಎಂದು ಹೆಂಡತಿಯೇ ಸಾಕ್ಷಿ ಹೇಳುವ ಗತಿ ಶತ್ರುವಿಗೂ ಬೇಡ. ಇಲ್ಲ ಎಂದೆ. ಪಲ್ಲವಿ ಟಿಕ್ ಮಾಡಿದಳು.

ಈ ಸಲ ಫಿಸಿಯೋಥೆರಪಿಸ್ಟರ ಪತ್ರವೂ ಜೊತೆಗಿತ್ತು. ಶೇವ್ ಬೇಡ, ಹಳೇ ಶರ್ಟು ಸಾಕು ಎಂದಳು ಪಲ್ಲವಿ. ನಾನು ಒಪ್ಪಲಿಲ್ಲ. ಕಾಯಿಲೆ ತೋರಿಸಲು ಅವರನ್ನು ಭಿಕ್ಷುಕರ ಹಾಗೆ ಕರೆದೊಯ್ಯಲು ನನ್ನಿಂದಾಗದು. ಅದೇ ಕೋಣೆ, ಅದೇ ಪ್ರಶ್ನೆ. ಈ ಸಲ ನಾನೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಹೇಳಿದರು.

“ನಹೀ ಸಾಬ್. ಯೇ ಖಿಲಾತೀ ಹೈ.”

ಇಲ್ಲ, ಇವಳು ತಿನ್ನಿಸುತ್ತಾಳೆ. ನಾನು ಬಯಸಿದ್ದೇ ಈ ಮಾತನ್ನು. ಕೇಳಿದಾಗ ಅವರ ಮುಖ ನೋಡಲಾಗದೆ ಶರ್ಟಿನ ಕಾಲರು ಸರಿಮಾಡಿದೆ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು.

ಸರ್ಟಿಫಿಕೇಟ್ ಸಿಕ್ಕಿತು. ಪಿಂಚಣಿ ಇನ್ನೂ ಬಂದಿಲ್ಲ, ಪಲ್ಲವಿಯ ಮೊಬೈಲು ‘ಅಂಡರ್ ಪ್ರೊಸೆಸ್’ ಎಂದೇ ತೋರಿಸುತ್ತಿದೆ. ಬರುತ್ತದೋ ಇಲ್ಲವೋ, ನನ್ನ ಕೈಯಲ್ಲೇನಿದೆ? ಇಷ್ಟಾದರೂ ಆಯಿತಲ್ಲ ಎಂದು ದೇವರಿಗೆ ಕೈ ಮುಗಿದಿದ್ದೇನೆ.

ಆಸ್ಪತ್ರೆಯಿಂದ ಬಂದ ದಿನ ಗಂಜಿಯ ಬಟ್ಟಲು ಕೆಳಗಿಟ್ಟು, ಎಂದಿನಂತೆ ಬಾಗಿಲು ಹಾಕಲು ಎದ್ದೆ.

“ಇರ್ಲಿ ಮಾರಾಯ್ತಿ. ಸೆಕೆ,” ಎಂದರು.

ಎದುರು ಮನೆಯಾಕೆ ಬಟ್ಟೆ ಒಣಗಿಸುತ್ತಾ ನಮ್ಮತ್ತಲೇ ನೋಡುತ್ತಿದ್ದಳು. ಅವರು ಬಾಯಿ ತೆರೆದರು.