ಅಣ್ಣ ಹೇಳಿದ ಏಳು ಸೋಮವಾರಗಳು

ಮಂಗಳೂರಿನ ನಂತೂರು ಹೆದ್ದಾರಿಯ ಬಸ್ ಸ್ಟಾಪಿನಲ್ಲಿ ಆ ಭಾನುವಾರ ನಾನು ಅಣ್ಣನ ಮುಖ ನೋಡಿ ನಕ್ಕೆನೋ, ಸುಮ್ಮನೆ ಅತ್ತ ತಿರುಗಿಕೊಂಡೆನೋ, ಖಚಿತವಾಗಿ ಹೇಳಲಾರೆ. ನೆನಪಿಸಿಕೊಂಡಷ್ಟೂ ಸಲ ನಗು ಜೋರಾಗುತ್ತದೆ. ಲಾರಿಗಳ ಹಾರ್ನ್ ಕೇಳುತ್ತಿದ್ದದ್ದು ನೆನಪಿದೆ. ಆದರೆ ಅಲ್ಲಿ ಅದು ಯಾವಾಗ ಕೇಳುವುದಿಲ್ಲ?

ಅಣ್ಣ ಸುಳ್ಳು ಹೇಳುತ್ತಿದ್ದ. ಲಾಭಕ್ಕಲ್ಲ. ಬಸ್ಸಿನಲ್ಲಿ ಬಂದು ರಿಕ್ಷಾ ಎನ್ನುತ್ತಿದ್ದ. ಅಗ್ಗದ ಬಂಗುಡೆ ಮೀನು ತಿಂದು ದುಬಾರಿ ಅಂಜಲ್ ಎನ್ನುತ್ತಿದ್ದ. ಕೆಲಸ ಹೋದ ಮೇಲೂ ಎರಡು ತಿಂಗಳು ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಿದ್ದ. ಅದು ಗೊತ್ತಾದ ದಿನ ಅತ್ತಿಗೆ ಬಜಪೆಯ ತವರಿಗೆ ಹೊರಟುಹೋದರು.

ನಾನು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದವನು. ಇಂಥ ಸುಳ್ಳಿನ ಬೇರು ಬಾಲ್ಯದಲ್ಲಿರಬಹುದು ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ನಮ್ಮ ಬಾಲ್ಯದ ಕಡೆ ಮಾತ್ರ ನೋಡಿರಲಿಲ್ಲ.

ಅಪ್ಪ ಗಲ್ಫಿನಲ್ಲಿದ್ದರು. ಶುಕ್ರವಾರ ಅವರಿಗೆ ರಜೆ. ಪಕ್ಕದ ಮನೆಯ ಟೀಚರಮ್ಮನ ಫೋನಿಗೆ ಕರೆ ಬರುತ್ತಿತ್ತು. ಅಮ್ಮ ಕಾಮಾಲೆಯಿಂದ ಮಲಗಿದ್ದ ವರ್ಷ, "ಅಪ್ಪನಿಗೆ ಅಲ್ಲಿ ತಲೆಬಿಸಿ ಮಾಡ್ಬೇಡಿ, ನಾನು ಹುಷಾರುಂಟು ಅಂತ ಹೇಳಿ," ಎಂದು ನಮ್ಮಿಬ್ಬರನ್ನೂ ಕಳಿಸುತ್ತಿದ್ದರು. ಹತ್ತು ವರ್ಷದ ಅಣ್ಣ ಫೋನಿನಲ್ಲಿ, "ಅಮ್ಮ ಮೀನು ತರ್ಲಿಕ್ಕೆ ಹೋಗಿದ್ದಾರೆ, ಇವತ್ತು ಬಂಗುಡೆ," ಎನ್ನುತ್ತಿದ್ದ. ಬಂಗುಡೆಯನ್ನು ಅಮ್ಮ ಹೇಳಿಕೊಟ್ಟಿರಲಿಲ್ಲ, ಅದು ಅವನದೇ. ಮನೆಗೆ ಬಂದು ಅದನ್ನು ಒಪ್ಪಿಸಿದಾಗ ಅಮ್ಮ ಅವನ ತಲೆ ನೇವರಿಸುತ್ತಿದ್ದರು.

ಒಮ್ಮೆ ನಾನು ಫೋನಿನಲ್ಲಿ, "ಅಮ್ಮನ ಕಣ್ಣು ಹಳದಿ ಉಂಟು," ಎಂದುಬಿಟ್ಟೆ. ಮನೆಯಲ್ಲಿ ಅಮ್ಮ ತೊಡೆಗೆ ಚಿವುಟಿದರು. ಚಿವುಟಿದ್ದು ಅಣ್ಣನೂ ಇರಬಹುದು. "ಇನ್ನು ನೀನು ಮಾತಾಡ್ಬೇಡ ಮಾರಾಯ, ನಾನೇ ಹೇಳ್ತೇನೆ," ಎಂದ ಅವನು. ನನ್ನ ಪಾಲಿನ ಸುಳ್ಳನ್ನೂ ಅವನೇ ಹೇಳಿದ. ನಾನು ಸತ್ಯವಂತನಾಗಿ ಬೆಳೆದೆ.

ಆ ಭಾನುವಾರ ಅವನೇ ಕರೆದದ್ದಕ್ಕೆ ನಂತೂರಿಗೆ ಹೋಗಿದ್ದೆ.

"ಕದ್ರಿಯಲ್ಲಿ ಒಬ್ಬರು ಡಾಕ್ಟ್ರ ಹತ್ರ ಹೋಗ್ತಾ ಇದ್ದೇನೆ. ಏಳು ಸೋಮವಾರ ಆಯ್ತು. ಈ ಸುಳ್ಳು ಬಿಡ್ಲಿಕ್ಕೆ."

"ಸುಳ್ಳು ಬಿಡ್ಲಿಕ್ಕೆ ಡಾಕ್ಟ್ರಾ? ಇದು ಹೊಸತು."

"ನಿನ್ನ ಅತ್ತಿಗೆಗೆ ನೀನೊಮ್ಮೆ ಹೇಳು. ನಿನ್ನ ಮಾತು ನಂಬ್ತಾಳೆ. ಬಂದ್ರೂ ಬರಬಹುದು."

"ಡಾಕ್ಟ್ರ ಹೆಸರು ಎಂತ?"

ಅವನು ತಡವರಿಸಿದ. "ಬಾಯಿಗೆ ಬರ್ತಾ ಇಲ್ಲ ಮಾರಾಯ..."

"ನಿನ್ನ ಸುಳ್ಳಿಗೆ ನನ್ನನ್ನು ಸಾಕ್ಷಿ ಮಾಡ್ಬೇಡ," ಎಂದೆ. ಬಹುಶಃ ಆಗಲೇ ನಕ್ಕಿದ್ದು. ಸುಳ್ಳಾಗಿದ್ದರೆ ಹೆಸರು ತಟ್ಟನೆ ಬರುತ್ತಿತ್ತು, ಜೊತೆಗೆ ಡಾಕ್ಟರ ಊರು, ಕಾರಿನ ಬಣ್ಣವೂ. ಇಷ್ಟು ಓದಿದವನಿಗೆ ಅದು ಹೊಳೆಯಲಿಲ್ಲ. ಅತ್ತಿಗೆಗೆ ನಾನು ಫೋನ್ ಮಾಡಲಿಲ್ಲ.

ಮೂರು ವಾರಗಳ ನಂತರ ಅಣ್ಣನಿಗೆ ಹೃದಯಾಘಾತವಾಯಿತು. ಅತ್ತಿಗೆ ಬಂದರು, ಹೆಣದ ಹತ್ತಿರಕ್ಕೆ.

ಅವನ ಅಂಗಿಯ ಜೇಬಿನಲ್ಲಿ ಕ್ಲಿನಿಕ್ಕಿನ ಚೀಟಿ ಸಿಕ್ಕಿತು. ಅದರಲ್ಲಿ ಏಳು ತಾರೀಕುಗಳು, ಪ್ರತಿಯೊಂದಕ್ಕೂ ಸೀಲು. ಸತ್ತವನನ್ನೂ ನಾನು ನಂಬಲಿಲ್ಲ. ಹಿಂದೆ ಕೆಲಸಕ್ಕೆ ರಜೆ ಹಾಕಲು ಅವನು ಡಾಕ್ಟರ ನಕಲಿ ಸೀಲು ಮಾಡಿಸಿದ್ದುಂಟು. ಚೀಟಿ ಹಿಡಿದು ಕದ್ರಿಗೆ ಹೋದೆ. ವಿಷಯ ಹೇಳಿದ ಮೇಲೆ ಕೌಂಟರಿನಲ್ಲಿದ್ದ ಹೆಂಗಸು ರಿಜಿಸ್ಟರ್ ತೆರೆದು ಬೆರಳಿಟ್ಟು ನೋಡಿದರು. ಏಳೂ ಸೋಮವಾರ ಅವನು ಬಂದಿದ್ದ. ಎಂಟನೆಯದು ನಾವು ನಂತೂರಿನಲ್ಲಿ ಮಾತಾಡಿದ ಮರುದಿನದ್ದು. ಅಲ್ಲಿ ಅವನ ಹೆಸರಿನ ಎದುರು "ಬರಲಿಲ್ಲ" ಎಂದು ಬರೆದಿತ್ತು.