ಮೂಲೆಯಲ್ಲಿ ನಿಂತ ಚುಕ್ಕಿ

ಮಾಸ್ತರರ ಉಗುರುಗಳ ಸಂದಿಯಲ್ಲಿ ಸದಾ ಕೆಂಪು ಬಣ್ಣ. ಬೆಳಿಗ್ಗೆ ಅಣ್ಣನ ಮಗ್ಗದ ಮನೆಯಲ್ಲಿ ನೂಲಿಗೆ ಬಣ್ಣ ಹಾಕಿ ಬಂದು ಕೂರುತ್ತಿದ್ದುದರಿಂದ ಕೀಬೋರ್ಡೂ ಗುಲಾಬಿಯಾಗಿತ್ತು. ಕೆಂಪೋ ನೇರಳೆಯೋ, ಈಗ ಆಣೆ ಮಾಡಿ ಹೇಳಲಾರೆ.

ಗಜೇಂದ್ರಗಡದ ಬಸ್ ನಿಲ್ದಾಣದೆದುರು, ಚಪ್ಪಲಿ ಅಂಗಡಿಯ ಮೇಲೆ, ನಮ್ಮ ಕಂಪ್ಯೂಟರ್ ಮಾಸ್ತರರ ಕ್ಲಾಸು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಧಾರವಾಡದಲ್ಲಿ ಕಂಪ್ಯೂಟರ್ ವಿಷಯದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ರಜೆಯೆಲ್ಲ ಅಲ್ಲೇ ಕಳೆಯುತ್ತಿದ್ದೆ. ಟೈಪಿಂಗ್ ಕಲಿಯುವವರು ಹೋದ ಮೇಲೆ ಮಾಸ್ತರರು ತಮ್ಮ ಕೆಲಸಕ್ಕೆ ಕೂರುವರು: ಚಿಕ್ಕ ವಿಡಿಯೋ ಗೇಮುಗಳನ್ನು ಕೆಲವೇ ಸಾಲಿನ ನಿಯಮಗಳಾಗಿ ಬರೆಯುವುದು. ಗೋಡೆ ಯಾವುದು, ಬಾಗಿಲು ಎಲ್ಲಿ, ಕಳ್ಳನನ್ನು ಪೊಲೀಸ್ ಮುಟ್ಟಿದರೆ ಏನಾಗುತ್ತದೆ. ಅದನ್ನು ಓದಿಕೊಂಡು, ಹಿಂದೆಂದೂ ಕಾಣದ ಆಟವನ್ನೂ ಯಂತ್ರ ತಾನೇ ಆಡಬೇಕು.

"ಒಂದ ಆಟ ಕಲಿಸಿದ್ರ ಗಿಳಿಪಾಠ ಆತು. ಯಾವ ಆಟ ಕೊಟ್ರೂ ಆಡಿದ್ರ ಬುದ್ಧಿ ಐತಿ ಅನ್ನಬಹುದು," ಎನ್ನುತ್ತಿದ್ದರು.

"ಮಾಸ್ತರ, ಹುಡುಗರು ಗೇಮ್ ಆಡಿ ಕೆಟ್ರು, ನೀವು ಬರದು ಕೆಟ್ರಿ!" ಚಪ್ಪಲಿ ಅಂಗಡಿಯವರು ಕೆಳಗಿನಿಂದ ಕೂಗುವರು.

"ಪೂರಾ ಕೆಟ್ಟಮ್ಯಾಲ ನಿಮ್ಮ ಅಂಗಡ್ಯಾಗ ಕೂಡ್ತೀನಿ, ಜಾಗಾ ಇಡ್ರಿ!"

ಸಂಶೋಧನೆಗೆ ಸೇರಬೇಕೆಂಬುದೊಂದೇ ಅವರ ಆಸೆ. ವಯಸ್ಸು ನಲವತ್ತರ ಹತ್ತಿರ. ಹತ್ತಿರದ ರೋಣಕ್ಕೆ ಮದುವೆಗೆ ಬಂದಿದ್ದ ನಮ್ಮ ಪ್ರಾಧ್ಯಾಪಕರೊಬ್ಬರು ನನ್ನ ಒತ್ತಾಯಕ್ಕೆ ಆ ಮಹಡಿ ಹತ್ತಿದರು. ಯಂತ್ರ ಆಡಿದರೆ ವಿದ್ಯಾರ್ಥಿಯಾಗಿ ತೆಗೆದುಕೊಳ್ಳುತ್ತೇನೆ ಎಂದರು.

ಮಾಸ್ತರರು ಯಂತ್ರಕ್ಕೆ ಹೊಸ ಆಟದ ನಿಯಮ ಕೊಟ್ಟರು. ಪರದೆಯ ಮೇಲೆ ಕಳ್ಳನ ಚುಕ್ಕಿ ಮೂಲೆಗೆ ಸರಿದು ನಿಂತಿತು. ನಿಂತೇ ಇತ್ತು.

"ಕೆಟ್ಟೈತೇನ್ರಿ?" ಪ್ರಾಧ್ಯಾಪಕರು ಕೇಳಿದರು.

"ಇಲ್ರಿ ಸರ. ಸಿಕ್ಕಿಬಿದ್ರ ಅಂಕ ಹೋಗ್ತಾವ ಅಂತ ಬರದೀನಿ. ಆಟ ಯಾವಾಗ ಮುಗೀತೈತಿ ಅಂತ ಬರದಿಲ್ಲ. ಬಾಗಿಲಿಗೆ ಯಾವಾಗ ಹೋದ್ರೂ ನಡೀತೈತಿ ಅಂತ ನಿಂತೈತಿ." ಕೀಬೋರ್ಡ್ ಹತ್ತಿರ ಎಳೆದುಕೊಂಡು ಹೇಳಿದರು: "ಮಗ್ಗದಾಗ ಹಾಸಿನ ನೂಲು ತೀರಿದ್ರ ಸೀರಿ ಮುಗದಂಗ. ಅದನ್ನ ನಮ್ಮಾಗ ಯಾರೂ ಬಾಯಿಬಿಟ್ಟು ಹೇಳಂಗಿಲ್ರಿ, ಅದಕ್ಕ ಇಲ್ಲೂ ಬಿಟ್ಟುಹೋತು. ಒಂದ ಸಾಲು ಸೇರಸ್ತೀನಿ, ತಡೀರಿ."

"ಸುಮ್ಮನ ನಿಂದ್ರೂದು ನನಗೂ ಬರ್ತದ," ಎಂದು ನಕ್ಕು ಪ್ರಾಧ್ಯಾಪಕರು ಮೆಟ್ಟಿಲಿಳಿದರು. ಆ ಸಾಲು ಸೇರಿದ್ದರೆ ಯಂತ್ರ ಆಡುತ್ತಿತ್ತೆ? ನನಗೆ ಆಗ ನಂಬಿಕೆಯಿರಲಿಲ್ಲ. ಈಗಲೂ ಇಲ್ಲ.

ಮರುವರ್ಷ ಕ್ಲಾಸು ಮುಚ್ಚಿತು. ಮಾಸ್ತರರು ಕಾಮಾಲೆಯಿಂದ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಮನೆಗೆ ಹೋದಾಗ ಅವರಣ್ಣ, "ಆ ಕಂಪ್ಯೂಟರ್ ನೀವ ಒಯ್ರಿ. ನಮಗೇನೂ ತಿಳಿಯಂಗಿಲ್ಲ ಅದರಾಗ," ಎಂದರು. ಒಯ್ದೆ. ಅದು ಚಾಲೂ ಆಗಲೇ ಇಲ್ಲ. ಒಳಗಿನದೆಲ್ಲ ಹೋಗಿದೆ ಎಂದ ರಿಪೇರಿಯವನು.

ಯಾವ ಆಟ ಕೊಟ್ಟರೂ ಆಡುವ ಯಂತ್ರಗಳ ಸಂಶೋಧನೆಯೇ ಈಗ ನನ್ನ ಕೆಲಸ; ಅದಕ್ಕೆ ನನ್ನನ್ನು ಎಳೆದವರು ಅವರೇ. ಅವರ ಆಟಗಳನ್ನು ನೆನಪಿನಿಂದ ಬರೆಯಲು ಆಗಾಗ ಕೂರುತ್ತೇನೆ. ಒಂದಷ್ಟು ಸಾಲು ಬರುತ್ತವೆ. ಅವುಗಳಲ್ಲಿ ಯಾವುದು ಅವರದು, ಯಾವುದು ನಾನು ಕಟ್ಟಿಕೊಂಡದ್ದು ಎಂದು ಕೇಳಲು ಯಾರೂ ಉಳಿದಿಲ್ಲ.